ನೆಗೆಯದ ಕಪ್ಪೆಗೆ ಹದಿನೆಂಟು ಅಂಕ

ಬೆಳಗಿನ ಆರೂವರೆ. ಭದ್ರಾವತಿ ಹಳೇನಗರದ ಅಂಗನವಾಡಿಯ ಜಗಲಿಯಲ್ಲಿ ಜಲಜಮ್ಮ ಕಾಲು ಚಾಚಿ ಕೂತಿದ್ದಾರೆ. ತೊಡೆಯ ಮೇಲೆ ಒಂದು ಮಣೆ, ಕೈಯಲ್ಲಿ ಗರಗಸದ ಬ್ಲೇಡಿನ ತುಂಡು. ಕಾಗದದ ಮೂಲೆ ಎತ್ತಿ ಎದುರಿನ ಅಂಚಿಗೆ ಕೂರಿಸುತ್ತಾರೆ, ಉಗುರಿನಿಂದ ಗೆರೆ ತೀಡುತ್ತಾರೆ, ಮಿಕ್ಕ ಪಟ್ಟಿಯನ್ನು ಬ್ಲೇಡಿನಿಂದ ಸರ್ರನೆ ಸೀಳುತ್ತಾರೆ. ಅಳತೆಪಟ್ಟಿಯ ಗೊಡವೆಯೇ ಇಲ್ಲದೆ ಚೌಕ ಸಿದ್ಧ. ಏಳು ಗಂಟೆಯ ಹೊತ್ತಿಗೆ ಮೂವತ್ತೆಂಟು ಚೌಕಗಳಾಗಿವೆ. ಮಕ್ಕಳಿರುವುದು ಮೂವತ್ತನಾಲ್ಕು.

"ನಾಲ್ಕು ಹೆಚ್ಚಿಗೆ ಇರ್ಲಿ ಸಾರ್. ಒಂದೆರಡು ಕೂಸು ಬಾಯಿಗೆ ಹಾಕ್ಕೊಳ್ತವೆ," ಎನ್ನುತ್ತಾರೆ.

ಕಾಗದ ಎಲ್ಲಿಯದು ಎಂದರೆ, ಇಲಾಖೆಯ ಹಳೇ ನಮೂನೆಗಳು. ಒಂದು ಮಗ್ಗುಲು ಅಚ್ಚು, ಇನ್ನೊಂದು ಖಾಲಿ. ದಿನಪತ್ರಿಕೆಯ ಹಾಳೆಯಲ್ಲಿ ನಾಯಿ, ಬೆಕ್ಕು ಮಡಿಸಿದರೆ ಕಿವಿ ಜೋತು ಬೀಳುತ್ತದಂತೆ. ಹಾಗಾಗಿ ಇಲ್ಲಿನ ನಾಯಿಗಳ ಹಣೆಯ ಮೇಲೆ 'ಫಲಾನುಭವಿಯ ತೂಕ' ಎಂದು ಬರೆದಿರುತ್ತದೆ. ಇಲಾಖೆಯ ನಮೂನೆ ಯಾರಿಗಾದರೂ ಸಂತೋಷ ಕೊಟ್ಟದ್ದನ್ನು ನಾನು ನೋಡಿದ್ದು ಇಲ್ಲೇ ಮೊದಲು.

ಜಲಜಮ್ಮ ಟೀಚರ್ ಅಲ್ಲ, ಸಹಾಯಕಿ. ಊರಿನ ಬಾಯಲ್ಲಿ ಆಯಾ. ಕಸ ಗುಡಿಸಬೇಕು, ನೀರು ಹೊರಬೇಕು, ಉಪ್ಪಿಟ್ಟು ಬೇಯಿಸಬೇಕು, ಮನೆಮನೆಗೆ ಹೋಗಿ ಮಕ್ಕಳನ್ನು ಕೈ ಹಿಡಿದು ಕರೆತರಬೇಕು. ಪ್ರಾಣಿ ಮಡಿಸುವುದು ಅವರ ಕೆಲಸದ ಪಟ್ಟಿಯಲ್ಲಿಲ್ಲ. ಆದರೂ ಹತ್ತು ಗಂಟೆಗೆ ಚಾಪೆ ಹಾಸಿದರೆ ಮಕ್ಕಳು ಮುತ್ತಿಕೊಳ್ಳುವುದು ಅವರನ್ನೇ.

"ಮೂಲೆಗೆ ಮೂಲೆ ಸೇರ್ಸು ಅಂದ್ರೆ ಮೂರು ವರ್ಷದ್ದಕ್ಕೆ ಏನ್ ಗೊತ್ತಾಗುತ್ತೆ? ಮೂಗಿಗೆ ಮೂಗು ಮುಟ್ಸು ಅಂತೀನಿ. ಮುಟ್ಸುತ್ತೆ. ಕಿವಿ ಎರಡೂ ಕೆಳಗಿಳ್ಸಿದ್ರೆ ನಾಯಿ, ಮೇಲೆತ್ತಿದ್ರೆ ಬೆಕ್ಕು."

ಇಂಪನಾ ಎಂಬ ಪುಟ್ಟಿಯ ನಾಯಿಗೆ ಒಂದು ಕಿವಿ ಮೂಗಿನ ಮೇಲೇ ಬಂದಿದೆ. ಜಲಜಮ್ಮ ಅದನ್ನು ಬಿಚ್ಚುವುದಿಲ್ಲ. "ಇದು ನಿದ್ದೆಗಣ್ಣಿನ ನಾಯಿ," ಎಂದು ಇದ್ದಿಲಿನಲ್ಲಿ ಅರ್ಧ ಮುಚ್ಚಿದ ಕಣ್ಣು ಬರೆದುಕೊಡುತ್ತಾರೆ. "ಮಕ್ಳು ಮಡಿಸಿದ್ದನ್ನ ತಿದ್ದಬಾರ್ದು ಸಾರ್. ತಿದ್ದಿದ್ರೆ ಅದು ನಮ್ಮ ನಾಯಿ ಆಗುತ್ತೆ."

ಈ ಕೈಗಳಿಗೆ ಮಡಿಸುವುದು ಬಂದದ್ದು ಹೊಟ್ಟೆಪಾಡಿನಿಂದ. ತಂದೆ ಪುಟ್ಟಯ್ಯ ಶಿವಮೊಗ್ಗದ ಕೋಟೆ ಬೀದಿಯ ದಿನಸಿ ಅಂಗಡಿಯೊಂದರಲ್ಲಿ ಮೂಟೆ ಹೊರುತ್ತಿದ್ದರು. ಅದೇ ಅಂಗಡಿಗೆ ಮನೆಮಂದಿಯೆಲ್ಲ ಕೂತು ಕಾಗದದ ಪೊಟ್ಟಣ ಮಡಿಸಿ ಕೊಡುತ್ತಿದ್ದರು. ಏಳನೇ ಕ್ಲಾಸಿಗೆ ಜಲಜಮ್ಮನ ಓದು ನಿಂತಿತು, ಮಡಿಕೆ ನಿಲ್ಲಲಿಲ್ಲ. ಆಮೇಲೆ ಪ್ಲಾಸ್ಟಿಕ್ ಕವರು ಬಂದು ಪೊಟ್ಟಣದ ಕೆಲಸವನ್ನೂ ನುಂಗಿತು. ಮದುವೆಯಾಗಿ ಭದ್ರಾವತಿಗೆ ಬಂದಿದ್ದ ಅವರು ತೊಂಬತ್ತೊಂದರಲ್ಲಿ ಇಲ್ಲಿ ಸಹಾಯಕಿಯಾಗಿ ಸೇರಿದರು.

ಅವರಿಗಿದ್ದದ್ದು ಒಂದೇ ಆಸೆ, ಇದೇ ಅಂಗನವಾಡಿಯಲ್ಲಿ ಟೀಚರ್ ಆಗಬೇಕು. ಅದಕ್ಕೆ ಎಸ್ಸೆಸ್ಸೆಲ್ಸಿ ಬೇಕು. ಖಾಸಗಿಯಾಗಿ ಕಟ್ಟಿದರು. ಸ್ಕೇಲಿಲ್ಲದೆ ಚೌಕ ಸೀಳುವ ಹೆಂಗಸನ್ನು ಗಣಿತ ಎರಡು ಸಲ ಕೆಡವಿತು. ಮೂರನೇ ಸಲ, ಮೂವತ್ತೊಂಬತ್ತನೇ ವಯಸ್ಸಿಗೆ, ಪಾಸಾದರು. ಕಳೆದ ಜೂನಿನಲ್ಲಿ ಟೀಚರ್ ಶೇಷಮ್ಮ ನಿವೃತ್ತರಾದಾಗ ಅರ್ಜಿ ಹಾಕಿದರು. ಎಂಟು ತಿಂಗಳು ಹುದ್ದೆ ಖಾಲಿ. ಆ ಎಂಟೂ ತಿಂಗಳು ಒಲೆ, ಹಾಜರಿ, ತೂಕ, ಪಾಠ ಎಲ್ಲವನ್ನೂ ನೋಡಿಕೊಂಡದ್ದು ಇವರೊಬ್ಬರೇ.

ಈ ವರ್ಷ, ಎರಡು ಸಾವಿರದ ನಾಲ್ಕರ ಫೆಬ್ರುವರಿಯಲ್ಲಿ, ಶಿವಮೊಗ್ಗದ ಕಚೇರಿಯಲ್ಲಿ ಪಟ್ಟಿ ಹಾಕಿದರು. ಜಲಜಮ್ಮನ ಹೆಸರಿಲ್ಲ. ಆಯ್ಕೆಯೆಲ್ಲ ಅಂಕದ ಮೇಲೆ. ಇವರದು ನೂರಕ್ಕೆ ಮೂವತ್ತೆಂಟು. ಪಕ್ಕದ ಬೀದಿಗೆ ಸೊಸೆಯಾಗಿ ಬಂದ, ಇಪ್ಪತ್ತೆರಡರ ರಕ್ಷಾ ಅವರದು ಎಪ್ಪತ್ತೊಂದು, ಜೊತೆಗೆ ನರ್ಸರಿ ತರಬೇತಿಯ ಸರ್ಟಿಫಿಕೇಟು. ಹದಿಮೂರು ವರ್ಷದ ಕೆಲಸಕ್ಕೆ ಆ ಪಟ್ಟಿಯಲ್ಲಿ ಒಂದು ಕಾಲಮ್ಮೂ ಇರಲಿಲ್ಲ. 'ಎಲೆಮರೆಯ ಕಾಯಿ' ಎಂದು ನಾವು ಪತ್ರಿಕೆಯವರು ಮುದ್ದಾಗಿ ಬರೆಯುತ್ತೇವೆ. ಎಲೆ ತಾನಾಗಿ ಅಡ್ಡ ಬಂದದ್ದಲ್ಲ, ಯಾರೋ ಅಡ್ಡ ಹಿಡಿದದ್ದು ಎಂದು ಬರೆಯುವುದಿಲ್ಲ. ನನಗಂತೂ ಸಿಟ್ಟು ಬಂದಿದೆ.

ರಕ್ಷಾ ಕೆಟ್ಟವರೇನಲ್ಲ. ಸೇರಿದ ವಾರವೇ ತಮ್ಮ ತರಬೇತಿಯ ರೆಕಾರ್ಡ್ ಪುಸ್ತಕ ತಂದು ಪ್ರೀತಿಯಿಂದ ತೋರಿಸಿದ್ದಾರೆ. ನಾಯಿ, ಬೆಕ್ಕು, ಮೀನು, ಹಕ್ಕಿ, ಕಪ್ಪೆ ಎಲ್ಲವನ್ನೂ ಗೋಂದು ಹಚ್ಚಿ ಅಂಟಿಸಿದ್ದು. ಕೆಳಗೆ ವಿವರಣೆ: 'ಮೂಗಿಗೆ ಮೂಗು ಮುಟ್ಟಿಸುವುದು.' ಇಪ್ಪತ್ತಕ್ಕೆ ಹದಿನೆಂಟು ಅಂಕ.

"ಎರಡು ಸಲ ಓದ್ದೆ ಸಾರ್. ನನ್ನದೇ ಮಾತು."

ಅದು ಅಲ್ಲಿಗೆ ಹೋದದ್ದು ಹೀಗೆ. ತೊಂಬತ್ತೊಂಬತ್ತರಲ್ಲಿ ಶಿವಮೊಗ್ಗದಲ್ಲಿ ಅರವತ್ತು ಜನ ಟೀಚರುಗಳ ಶಿಬಿರ. ಶೇಷಮ್ಮನ ಒತ್ತಾಯಕ್ಕೆ ಜಲಜಮ್ಮನನ್ನು ಕರೆಸಿ ಪ್ರಾಣಿ ಮಡಿಸಿ ತೋರಿಸಲು ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಒಬ್ಬ ಮೇಡಂ ತಲೆ ಎತ್ತದೆ ಬರೆದುಕೊಳ್ಳುತ್ತಿದ್ದರು. ಮುಂದೆ ಅವರೇ ರವೀಂದ್ರನಗರದಲ್ಲಿ ತರಬೇತಿ ಶಾಲೆ ತೆರೆದರು; ರಕ್ಷಾ ಕಲಿತದ್ದು ಅಲ್ಲೇ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

"ಐದನೇದು ಕಪ್ಪೆ. ಇನ್ನೊಂದೇ ಮಡಿಕೆ ಬಾಕಿ ಇತ್ತು. ಅಷ್ಟರಲ್ಲಿ ಟೀ ಬಂತು. ಸೂಪರ್‌ವೈಸರ್ ಮೇಡಂ, 'ಜಲಜಮ್ಮ, ಟೀ ಹಂಚ್ಬಿಡಿ' ಅಂದ್ರು. ಕಪ್ಪೆ ಮೇಜಿನ ಮೇಲಿಟ್ಟೆ. ಅರವತ್ತು ಲೋಟ ಹಂಚಿ, ತೊಳ್ದು ಬರೋ ಹೊತ್ತಿಗೆ ಬೇರೆ ಯಾರೋ ಭಾಷಣ ಶುರು ಮಾಡಿದ್ರು. ಕಪ್ಪೆ ಏನಾಯ್ತು ಅಂತ ಯಾರೂ ಕೇಳ್ಲಿಲ್ಲ."

ಹೀಗಾಗಿ ಆ ತರಬೇತಿ ಶಾಲೆಯಿಂದ ಹೊರಬಂದ ಒಂದು ಕಪ್ಪೆಯೂ ನೆಗೆಯುವುದಿಲ್ಲ. ಮೊನ್ನೆ ರಕ್ಷಾ ಮಕ್ಕಳೆದುರು ಒಂದನ್ನು ಮಡಿಸಿ ಬೆನ್ನು ಒತ್ತಿದರು. ಅದು ಬಿದ್ದಲ್ಲೇ ಬಿದ್ದಿತ್ತು. ಮಕ್ಕಳು ಜಲಜಮ್ಮನ ಮುಖ ನೋಡಿದರು. ಊಟವಾದ ಮೇಲೆ ರಕ್ಷಾ ಒಲೆಯ ಬಳಿ ಬಂದು, "ಜಲಜಮ್ಮ, ನಮ್ಮ ಕಪ್ಪೆ ಯಾಕ್ರೀ ನೆಗೆಯಲ್ಲ?" ಎಂದು ಕೇಳಿದ್ದಾರೆ.

"ನೀವೇನಂದ್ರಿ?"

"ಗೊತ್ತಿಲ್ಲ ಟೀಚರ್, ನಾನು ಆಯಾ ಅಂದೆ."

ಆ ಕೊನೆಯ ಮಡಿಕೆಯನ್ನು ನನಗೆ ತೋರಿಸಿದ್ದಾರೆ. ಬರೆಯಬೇಡಿ ಎಂದಿದ್ದಾರೆ, ನಾನು ಬರೆಯುವುದಿಲ್ಲ. ಪಾತ್ರೆ ಗಲಬರಿಸುತ್ತ, ತಲೆ ಎತ್ತದೆ ಜಲಜಮ್ಮ ಹೇಳುತ್ತಾರೆ:

"ಮಕ್ಳಿಗೆ ಮುಚ್ಚಿಡಲ್ಲ ಸಾರ್. ಐದು ವರ್ಷದವು ಏಳು ಜನಕ್ಕೆ ಆಗ್ಲೇ ಬಂತು, ಚೆನ್ನಾಗಿ ನೆಗೆಸ್ತಾರೆ. ಟೀಚರಿಗೆ ಬೇಕು ಅಂದ್ರೆ ಚಾಪೆ ಮೇಲೆ ಕೂತು ಆ ಮಕ್ಳ ಹತ್ರ ಕಲ್ತ್ಕೊಳ್ಲಿ. ನಾನು ಟೀ ಮಾಡಿ ತಂದ್ಕೊಡ್ತೀನಿ."