ಕಡಲುಗಳ್ಳರ ಆಟದಲ್ಲಿ ಹರಿಗೋಲಿನ ಮಲಿಕಸಾಬ

ಹೊಳೆಗೆ ನೀರು ಬಿಟ್ಟಾಗ ಹರಿಗೋಲು ನಿಲ್ಲುತ್ತದೆ. ಜಲಾಶಯದ ಗೇಟು ತೆರೆದ ಸುದ್ದಿ ಬಂದರೆ ವಿರೂಪಾಪುರಗಡ್ಡೆಯ ದಂಡೆಯಲ್ಲಿ ಹರಿಗೋಲುಗಳನ್ನೆಲ್ಲ ಮೇಲಕ್ಕೆ ಎಳೆದು ಬೋರಲು ಹಾಕುತ್ತಾರೆ. ನೀರು ಇಳಿಯುವವರೆಗೆ ಅವನ್ನು ನಡೆಸುವವರಿಗೆ ಕೆಲಸವಿಲ್ಲ. ಕೆಲವರು ಭತ್ತದ ನಾಟಿಗೆ ಹೋಗುತ್ತಾರೆ, ಕೆಲವರು ಮನೆಯ ಮಾಡು ಸರಿಮಾಡಿಕೊಳ್ಳುತ್ತಾರೆ. ಮಲಿಕಸಾಬರು ಮಾತ್ರ ಗಂಗಾವತಿಯ ಬಸ್ಸು ಹತ್ತಿ ತಮ್ಮ ಅಕ್ಕನ ಮಗ ಜಮೀರನ ಗೇಮ್ ಅಂಗಡಿಗೆ ಬರುತ್ತಿದ್ದರು.

ಆಗ ಅವರಿಗೆ ಐವತ್ತರ ಹತ್ತಿರ ವಯಸ್ಸು. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ಅಂದರೆ 1997ರಲ್ಲಿ, ತಂದೆಯ ಕೈಯಿಂದ ಹರಿಗೋಲಿನ ಹುಟ್ಟು ತೆಗೆದುಕೊಂಡವರು. ಅಲ್ಲಿಂದ ಮುಂದೆ ಅವರು ಸಾಲಿ ಮಾಸ್ತರರನ್ನು ದಾಟಿಸಿದ್ದಾರೆ, ಕಳೆ ತೆಗೆಯಲು ಹೋಗುವ ಹೆಂಗಸರನ್ನು ದಾಟಿಸಿದ್ದಾರೆ, ಮೋಟರ್‌ಸೈಕಲ್ಲುಗಳನ್ನು, ಬೆನ್ನಿಗೆ ದೊಡ್ಡ ಚೀಲ ಹೊತ್ತ ವಿದೇಶಿಯರನ್ನು, ಒಮ್ಮೆ ಬಾಯಿಬೇನೆ ಬಂದ ಕರುವೊಂದನ್ನು ದಾಟಿಸಿದ್ದಾರೆ. ಹರಿಗೋಲು ದುಂಡಗಿರುತ್ತದೆ, ಅದಕ್ಕೆ ಹಿಂದು ಮುಂದು ಇಲ್ಲ. ಮೊದಲು ದಂಡೆಗುಂಟ ಮೇಲಕ್ಕೆ ಹೋಗಬೇಕು. ಅಲ್ಲಿಂದ ಹರಿವಿಗೆ ಬಿಟ್ಟುಕೊಟ್ಟು, ಹುಟ್ಟು ಎಳೆಯುತ್ತ ಎದುರು ದಂಡೆಯ ಗೊತ್ತಾದ ಕಲ್ಲಿಗೆ ಬಂದು ಮುಟ್ಟಬೇಕು. ಇದು ಅವರಿಗೆ ಬರುತ್ತಿತ್ತು. ಇದೊಂದೇ ಬರುತ್ತದೆ ಎಂದು ಅವರ ಹೆಂಡತಿ ಸರ್ದಾರಬೀ ಹೇಳುತ್ತಿದ್ದರು.

ಜಮೀರನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿತ್ತು. ಒಳಗೆ ನಾಲ್ಕು ಕಂಪ್ಯೂಟರ್, ಒಂದು ಫ್ಯಾನ್, ಗೋಡೆಗೆ ಒಂದು ಬೆಂಚು. ದಿನವೂ ಅಲ್ಲಿಗೆ ಹೋಗುವವರಲ್ಲಿ ನಾನೂ ಒಬ್ಬ. 2022ರ ಮಳೆಗಾಲದಲ್ಲಿ ಅಲ್ಲಿ ಕಡಲುಗಳ್ಳರ ಆಟವೊಂದು ನಡೆಯುತ್ತಿತ್ತು. ಪರದೆಯ ತುಂಬ ಸಮುದ್ರ, ಅಲ್ಲಲ್ಲಿ ನಡುಗಡ್ಡೆಗಳು. ನಾಲ್ಕು ಜನ ಸೇರಿ ಒಂದು ಹಡಗು ನಡೆಸಬೇಕು. ಒಬ್ಬರು ಚಕ್ರ ತಿರುಗಿಸಬೇಕು, ಒಬ್ಬರು ಹಾಯಿ ನೋಡಿಕೊಳ್ಳಬೇಕು, ಇನ್ನಿಬ್ಬರು ತೋಪು ಮತ್ತು ನಕ್ಷೆ. ನಡುಗಡ್ಡೆಗಳಲ್ಲಿ ಹೂತಿಟ್ಟ ಪೆಟ್ಟಿಗೆಗಳನ್ನು ಅಗೆದು ತೆಗೆದು ಬಂದರಿಗೆ ಒಪ್ಪಿಸಬೇಕು. ದಾರಿಯಲ್ಲಿ ಬೇರೆ ಹಡಗುಗಳು ಬರುತ್ತವೆ. ಅವುಗಳಲ್ಲಿಯೂ ಎಲ್ಲೆಲ್ಲಿಯದೋ ಊರುಗಳಲ್ಲಿ ಕುಳಿತ ನಿಜವಾದ ಮನುಷ್ಯರೇ ಇರುತ್ತಾರೆ. ಅವರು ನಮ್ಮ ಪೆಟ್ಟಿಗೆ ಕಿತ್ತುಕೊಳ್ಳಬಹುದು, ನಾವು ಅವರದನ್ನು ಕಿತ್ತುಕೊಳ್ಳಬಹುದು. ಏನು ಮಾಡಬೇಕೆಂದು ಆಟ ಯಾರಿಗೂ ಹೇಳುವುದಿಲ್ಲ.

ಜಮೀರನ ಹಡಗಿನಲ್ಲಿ ಮೂವರಿದ್ದರು. ಜಮೀರ ಒಬ್ಬ, ಮರಳಿ ರಸ್ತೆಯ ಅಕ್ಕಿ ಗಿರಣಿಯಲ್ಲಿ ಲಾರಿ ತೂಕ ಮಾಡುವ ಗೋವಿಂದರಾಜ ಇನ್ನೊಬ್ಬ, ಪಕ್ಕದ ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಕವಿತಾ ಮೂರನೆಯವಳು. ನಾಲ್ಕನೆಯವ ಕುಷ್ಟಗಿಗೆ ಕೆಲಸ ಸಿಕ್ಕಿ ಹೋಗಿದ್ದ. ಬೆಂಚಿನ ಮೇಲೆ ಸುಮ್ಮನೆ ಕುಳಿತಿದ್ದ ಮಲಿಕಸಾಬರನ್ನು ಜಮೀರ ಕರೆದ.

"ಮಾಮು, ಬರ್ರಿ, ಒಂದು ತೋಪು ನೋಡ್ಕೋರ್ರಿ."

"ತೋಪು ಗೀಪು ಬ್ಯಾಡಪ ನನಗ. ಅದೇನು ಗಾಲಿ ಐತಲ್ಲ, ಅದನ್ನ ಕೊಡು."

ಹೀಗೆ ಅವರು ಚಕ್ರಕ್ಕೆ ಬಂದರು. ಕೀಬೋರ್ಡಿನ ಎರಡು ಗುಂಡಿಗಳ ಮೇಲೆ ಎರಡು ಬೆರಳು ಇಟ್ಟುಕೊಂಡು ಬಹಳ ಹೊತ್ತು ಪರದೆಯ ನೀರನ್ನೇ ನೋಡಿದರು. ಆಮೇಲೆ ಕೇಳಿದರು:

"ನೀರು ಯಾ ಕಡಿ ಹರೀತೈತಿ?"

"ಸಮುದ್ರ ಎಲ್ಲಿಗೂ ಹರಿಯಂಗಿಲ್ಲ ಕಾಕಾ," ಎಂದಳು ಕವಿತಾ.

"ಹರೀದಿದ್ರ ದಾಟೋದು ಹೆಂಗ?"

ಮೊದಮೊದಲು ಅವರು ಹಡಗನ್ನು ನಡುಗಡ್ಡೆಯ ದಂಡೆಗುಂಟ ಮೇಲಕ್ಕೆ ತೆಗೆದುಕೊಂಡು ಹೋಗಿ ಬಿಟ್ಟುಕೊಡುತ್ತಿದ್ದರು. ಹರಿವು ಇಲ್ಲದ್ದರಿಂದ ಹಡಗು ಬಂಡೆಗೆ ಬಡಿಯುತ್ತಿತ್ತು. ಗೋವಿಂದರಾಜ ಹಲಗೆ ಬಡಿದು ತೂತು ಮುಚ್ಚುತ್ತ ಬೈಯುತ್ತಿದ್ದ. ಕೆಲವು ದಿನಗಳಲ್ಲಿ ಗಾಳಿ ಯಾವ ಕಡೆಯದು ಎಂದು ನೋಡುವುದನ್ನು ಅವರು ಕಲಿತರು. ಕಲಿತ ಮೇಲೆ ಬೇರೆ ಮೂವರಿಗಿಂತ ಚೆನ್ನಾಗಿ ನಡೆಸಿದರೆಂದು ಹೇಳಲಾರೆ. ಅವರು ಗಾಬರಿಯಾಗುತ್ತಿರಲಿಲ್ಲ, ಅಷ್ಟೆ.

ಆಟದ ಬಗ್ಗೆ ಅಂಗಡಿಯಲ್ಲಿ ಒಬ್ಬರ ಅಭಿಪ್ರಾಯ ಇನ್ನೊಬ್ಬರದಕ್ಕೆ ಹೊಂದುತ್ತಿರಲಿಲ್ಲ. ಇದು ಕಳ್ಳರ ಸಂತೆ, ದುಡಿದವನ ಪೆಟ್ಟಿಗೆ ಇನ್ನೊಬ್ಬನ ಪಾಲು ಎಂದು ಗೋವಿಂದರಾಜ ಹೇಳುತ್ತಿದ್ದ. ಹೇಳಿಯೂ ದಿನಾ ಗಿರಣಿಯಿಂದ ನೇರವಾಗಿ ಅಲ್ಲಿಗೇ ಬರುತ್ತಿದ್ದ. ಕವಿತಾಳಿಗೆ ಸಂಜೆಯ ಹೊತ್ತು ನೀರಿನ ಬಣ್ಣ ಬದಲಾಗುವುದು ಇಷ್ಟ, ಆದರೆ ಒಂದು ನಡುಗಡ್ಡೆಯಿಂದ ಇನ್ನೊಂದಕ್ಕೆ ಹೋಗುವುದು ಬೇಸರ. ಅವಳು ಮೊಬೈಲಿನಲ್ಲಿ ಬೇರೆ ಆಟಗಾರರು ಬರೆದ ಅಭಿಪ್ರಾಯಗಳನ್ನು ಕನ್ನಡ ಮಾಡಿ ಓದಿ ಹೇಳುತ್ತಿದ್ದಳು.

"ಇವ ಬರದಾನ, ಸಮುದ್ರ ಬರೇ ಖಾಲಿ, ಒಂದು ನರಪಿಳ್ಳಿ ಇಲ್ಲ. ಇದರ ಕೆಳಗ ಇನ್ನೊಬ್ಬ ಬರದಾನ, ಹೋದಲ್ಲೆಲ್ಲಾ ಮಂದಿ, ಉಸಿರು ಬಿಡಾಕ ಜಾಗ ಇಲ್ಲ."

"ಇಬ್ರೂ ಬ್ಯಾರೆ ಬ್ಯಾರೆ ಹೊತ್ತಿಗೆ ಹೋಗಿರಬೇಕು," ಎಂದರು ಮಲಿಕಸಾಬರು.

"ಇಲ್ಲಿ ಕೇಳ್ರಿ. ಈ ಆಟ ಯಾರೂ ತಗೋಬ್ಯಾಡ್ರಿ, ಭಾಳ ಕೆಟ್ಟ ಆಟ ಅಂತ ಬರದಾನ. ಆಡಿದ್ದು ಸಾವಿರ ತಾಸು."

"ಸಾವಿರ ತಾಸು ಉಂಡು ಕಡೀಕೆ ಉಪ್ಪಿಲ್ಲ ಅಂದಾನ ನೋಡು," ಎಂದರು ಮಲಿಕಸಾಬರು.

ಎಲ್ಲರೂ ನಕ್ಕರು. ಆದರೆ ಆ ಅಭಿಪ್ರಾಯ ನನ್ನ ತಲೆಯಿಂದ ಹೋಗಲಿಲ್ಲ. ಸಾವಿರ ತಾಸು ಆಡಿದವನಿಗೆ ತಿಳಿಯದಿದ್ದರೆ ಇನ್ನು ಯಾರಿಗೆ ತಿಳಿಯುತ್ತದೆ ಎಂದು ಈಗಲೂ ಯೋಚಿಸುತ್ತೇನೆ.

ಮಲಿಕಸಾಬರಿಂದ ಹಡಗಿಗೆ ತೊಂದರೆಯಾದದ್ದು ಬೇರೆ ಕಾರಣಕ್ಕೆ. ನಡುಗಡ್ಡೆಯಲ್ಲಿ ಯಾರಾದರೂ ನಿಂತು ಕೈ ಮಾಡಿದರೆ ಅವರು ಹಡಗು ನಿಲ್ಲಿಸುತ್ತಿದ್ದರು. ಹತ್ತಿದವರು ಕತ್ತಿ ತೆಗೆಯುತ್ತಿದ್ದರು, ಇಲ್ಲವೇ ಮದ್ದಿನ ಪೀಪಾಯಿಗೆ ಬೆಂಕಿ ಇಡುತ್ತಿದ್ದರು. ಒಬ್ಬನಂತೂ ಹತ್ತಿ ಪಿಟೀಲಿನಂಥದೇನೋ ಬಾರಿಸಿ, ಇಳಿಯುವಾಗ ನಾಲ್ವರಿಗೂ ಗುಂಡು ಹೊಡೆದು ಹೋದ.

"ಮಲಿಕಸಾಬ್ರ, ಇದು ನಿಮ್ಮ ಗಡ್ಡಿ ಅಲ್ರಿ," ಎಂದ ಗೋವಿಂದರಾಜ. "ಇಲ್ಲಿ ಕೈ ಮಾಡಿದವ ಪ್ಯಾಸೆಂಜರ್ ಅಲ್ಲ."

"ಮತ್ತ ಕೈ ಯಾಕ ಮಾಡ್ತಾನ?"

"ನಿಮ್ಮಂಥವರು ನಿಲ್ಲಸ್ತಾರಂತ."

ಆಟದವರು ಕೆಲವು ತಿಂಗಳಿಗೊಮ್ಮೆ ಹೊಸ ಸ್ಪರ್ಧೆ ಇಡುತ್ತಾರೆ, ಅದಕ್ಕೆ ಋತು ಎನ್ನುತ್ತಾರೆ. ಆಗ ಅಂಥ ಒಂದು ಋತು ಮುಗಿಯಲು ಬಂದಿತ್ತು. ಅದು ಮುಗಿಯುವ ಭಾನುವಾರದೊಳಗೆ ಸಾಕಷ್ಟು ಪೆಟ್ಟಿಗೆ ಒಪ್ಪಿಸಿದ ಹಡಗುಗಳಿಗೆ ಬಂಗಾರದ ಬಣ್ಣದ ಹಾಯಿ ಕೊಡುತ್ತಿದ್ದರು. ಜಮೀರನಿಗೆ ಆ ಹಾಯಿ ಬೇಕಿತ್ತು. ಇನ್ನೊಂದು ಸಲ ಹಡಗಿನ ತುಂಬ ಪೆಟ್ಟಿಗೆ ತಂದು ಒಪ್ಪಿಸಿದರೆ ಸಿಗುತ್ತಿತ್ತು. ಗೋವಿಂದರಾಜ ಒಂದೇ ಮಾತು ಹೇಳಿದ: ಚಕ್ರ ತನಗೆ ಕೊಡಬೇಕು, ಇಲ್ಲದಿದ್ದರೆ ತಾನು ಬರುವುದಿಲ್ಲ.

ಅದೇ ದಿನ ಸರ್ದಾರಬೀಯವರ ಫೋನು ಬಂತು. ಜಮೀರ ಕೈಯಲ್ಲಿ ಚಹಾದ ಕಪ್ಪು ಇದ್ದದ್ದರಿಂದ ಸ್ಪೀಕರಿಗೆ ಹಾಕಿದ್ದ. ಮಲಿಕಸಾಬರು ನಮಾಜಿಗೆ ಹೋಗಿದ್ದರು.

"ಏನ ಮಾಡ್ತಾರಪ ನಿಮ್ಮ ಮಾಮು ಅಲ್ಲಿ? ಇಲ್ಲಿದ್ರ ದಂಡಿ ಮ್ಯಾಲ ಕುಂತು ನೀರು ನೋಡ್ಕೋತ ಉಣ್ಣಾಕೂ ಏಳ್ತಿದ್ದಿಲ್ಲ. ಈಗ ಉಣ್ತಾರ. ಏನರ ಕೆಲಸ ಕೊಟ್ಟೀಯೇನು?"

"ಹೂಂ ಮಾಮಿ," ಎಂದ ಜಮೀರ. "ಸಣ್ಣದೊಂದು ಕೆಲಸ ಐತಿ."

ಮಾಮು ಬಂದ ಮೇಲೆ ಅವರನ್ನು ಎದುರಿಗೆ ಕೂರಿಸಿಕೊಂಡು ಹೇಳಿದ: "ಮಾಮು, ಭಾನುವಾರ ಚಕ್ರ ನಿಮ್ದ. ಆದ್ರ ಯಾರು ಕೈ ಮಾಡಿದ್ರೂ ನಿಲ್ಲಸಂಗಿಲ್ಲ. ನಿಲ್ಲಿಸಿದ್ರಿ ಅಂದ್ರ ಅವತ್ತಿಗೆ ಕಡೀ. ಆಮ್ಯಾಗ ಗೋವಿಂದ ಹಿಡೀತಾನ."

"ಆತು," ಎಂದರು ಮಲಿಕಸಾಬರು. "ಕೈ ಮಾಡಿದ್ರ ನಿಲ್ಲಸಂಗಿಲ್ಲ."

ಗೋವಿಂದರಾಜ ಮುಖ ಗಂಟು ಹಾಕಿಕೊಂಡೇ ಒಪ್ಪಿದ.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಹಡಗು ತುಂಬಿತ್ತು. ಎರಡು ಕಡೆ ಜನ ಕೈ ಮಾಡಿದರು. ಮಲಿಕಸಾಬರು ಆ ಕಡೆ ತಲೆ ಎತ್ತಲಿಲ್ಲ, ನಡೆಸಿಕೊಂಡು ಬಂದರು. ಕವಿತಾ ಅವರ ಬಾಯಿಗೆ ಒಂದು ಮಿರ್ಚಿ ಭಜಿ ಇಟ್ಟಳು. ಬಂದರು ಕಾಣಿಸಿತು. ಅದರ ದೀಪಗಳೂ ಕಾಣಿಸಿದವು. ಗೋವಿಂದರಾಜ ಕುರ್ಚಿಯಿಂದ ಎದ್ದು ನಿಂತಿದ್ದ.

ಆಗ ಮಲಿಕಸಾಬರು ಆಟದೊಳಗೆ ಚಕ್ರ ಬಿಟ್ಟು, ಹಡಗಿನಲ್ಲಿ ತೂಗುಹಾಕಿದ್ದ ಗಂಟೆಯ ಹತ್ತಿರ ಹೋಗಿ ಅದನ್ನು ಬಾರಿಸಿದರು.

ಗಡ್ಡೆಯಲ್ಲಿ ಸಂಜೆ ಹರಿಗೋಲು ಕಟ್ಟುವ ಮೊದಲು ಹೊಳೆಯ ಕಡೆ ತಿರುಗಿ ಒಮ್ಮೆ ಗಟ್ಟಿಯಾಗಿ ಕೂಗು ಹಾಕುತ್ತಾರೆ. ಆಚೆ ದಂಡೆಯಲ್ಲಿ ಯಾರಾದರೂ ಉಳಿದಿದ್ದರೆ ಮರುಕೂಗು ಬರುತ್ತದೆ. ಬಂದರೆ ಇನ್ನೊಂದು ಸುತ್ತು ಹೋಗಬೇಕು. ಬರದಿದ್ದರೆ ಕಟ್ಟಬಹುದು. ಕೂಗದೆ ಕಟ್ಟುವುದಿಲ್ಲ. ಇದನ್ನು ಅವರು ಆಮೇಲೆ ಹೇಳಿದರು. ಆ ಹೊತ್ತಿಗೆ ನಮಗೆ ಗೊತ್ತಾದದ್ದು, ಗಂಟೆಯ ಸದ್ದು ಆಟದಲ್ಲಿ ದೂರದ ಹಡಗುಗಳಿಗೂ ಕೇಳುತ್ತದೆ ಎಂಬುದಷ್ಟೇ.

"ಮಾಮು, ಏನ್ ಮಾಡಿದ್ರಿ?"

"ನೀ ಕೈ ಮಾಡಿದವರಿಗೆ ನಿಲ್ಲಿಸಬ್ಯಾಡ ಅಂದಿ. ನಿಲ್ಲಿಸಿಲ್ಲ. ಇದು ಕಡೀ ಕೂಗು."

ಒಂದು ಬಂಡೆಯ ಹಿಂದಿನಿಂದ ಸಣ್ಣ ದೋಣಿ ಬಂತು. ಅದರಲ್ಲಿ ಒಬ್ಬನೇ ಇದ್ದ. ಕೈಯಲ್ಲಿ ಕಂದೀಲು ಬಿಟ್ಟರೆ ಬೇರೇನಿರಲಿಲ್ಲ. ಗೋವಿಂದರಾಜ ತೋಪು ತಿರುಗಿಸಿದ.

"ತಡೀ," ಎಂದಳು ಕವಿತಾ. "ಬಟ್ಟಿ ನೋಡು, ಇವತ್ತ ಶುರು ಮಾಡ್ಯಾನ ಅನಸ್ತೈತಿ. ಹೊಸಬ."

"ಹೊಸಬರ ವೇಷ ಹಾಕ್ಕೊಂಡು ಬರವರು ಎಷ್ಟು ಮಂದಿ ಅದಾರ ಗೊತ್ತೇನ ನಿನಗ?"

ಅವರು ಜಗಳವಾಡುತ್ತಿರುವಾಗಲೇ ಅವನು ಹತ್ತಿದ. ಹತ್ತಿ ಒಂದು ಮೂಲೆಯಲ್ಲಿ ನಿಂತ. ಹಡಗು ಬಂದರು ಮುಟ್ಟಿತು. ನಾಲ್ವರೂ ಪೆಟ್ಟಿಗೆ ಹೊತ್ತು ಇಳಿಸತೊಡಗಿದರು. ಆ ಮನುಷ್ಯನೂ ಒಂದು ಪೆಟ್ಟಿಗೆ ಹೊತ್ತ. ಎಲ್ಲಕ್ಕಿಂತ ದೊಡ್ಡದನ್ನು ಹೊತ್ತ. ಅವರ ಹಿಂದೆಯೇ ನಡೆದು, ಅವರು ಒಪ್ಪಿಸಿದ ಕಡೆಯೇ ಒಪ್ಪಿಸಿದ. ಯಾರು ಒಪ್ಪಿಸುತ್ತಾರೋ ಅವರ ಲೆಕ್ಕಕ್ಕೆ ಸೇರುವುದು ಆಟದ ನಿಯಮ. ಆ ಪೆಟ್ಟಿಗೆ ಅವನದಾಯಿತು. ಹಾಯಿಗೆ ಅದೊಂದೇ ಕಡಿಮೆ ಬಿತ್ತು. ಅವನು ಒಮ್ಮೆ ಬಾಗಿ ನಮಸ್ಕಾರ ಮಾಡಿ ಕಾಣದಾದ.

ಇದನ್ನು ಬರೆಯುವ ಮೊದಲು ಮಲಿಕಸಾಬರನ್ನು ಬಿಟ್ಟು ಮೂವರನ್ನೂ ಬೇರೆ ಬೇರೆಯಾಗಿ ಕೇಳಿದ್ದೇನೆ. ಅವನು ಪಕ್ಕಾ ಕಳ್ಳ, ನಮಸ್ಕಾರ ಮಾಡಿದ್ದು ಅಣಕಿಸಲಿಕ್ಕೆ ಎಂದು ಗೋವಿಂದರಾಜ ಹೇಳುತ್ತಾನೆ. ಹೊಸಬ, ನಿಯಮ ತಿಳಿಯದೆ ಸಹಾಯ ಮಾಡಲು ಹೋದ ಎಂದು ಕವಿತಾ ಹೇಳುತ್ತಾಳೆ. ಜಮೀರ ಒಂದು ದಿನ ಒಂದು ಹೇಳಿದರೆ ಇನ್ನೊಂದು ದಿನ ಇನ್ನೊಂದು ಹೇಳುತ್ತಾನೆ. ಆ ದೋಣಿಯವನು ಪೆಟ್ಟಿಗೆ ಎತ್ತುವಾಗ ನಾನು ಪರದೆಯ ಹತ್ತಿರವೇ ಇದ್ದೆ. ನನಗೂ ತಿಳಿಯಲಿಲ್ಲ.

ಅವತ್ತು ಅವನು ಕಾಣದಾದ ಕೂಡಲೇ ಗೋವಿಂದರಾಜ ಹೆಡ್‌ಫೋನ್ ತೆಗೆದಿಟ್ಟು ಜಮೀರನ ಕಡೆ ನೋಡಿದ.

"ಮಾಮು," ಎಂದ ಜಮೀರ, "ಇನ್ ಚಕ್ರ ಬಿಡ್ರಿ."

"ಆತಪ," ಎಂದು ಮಲಿಕಸಾಬರು ಕುರ್ಚಿ ಬಿಟ್ಟು ಬೆಂಚಿಗೆ ಬಂದರು. ಸಿಟ್ಟಾಗಿರಲಿಲ್ಲ. ನನ್ನನ್ನು ಕೇಳಿದರು: "ಗಂಟು ಹೊತ್ತು ಇಳಿಸಿಕೊಟ್ನಲ್ಲ ಅವ. ಇಳಿಸಿಕೊಟ್ಟಿದ್ದೋ, ಒಯ್ದಿದ್ದೋ? ನೋಡಿದವರಿಗೆ ಹೆಂಗ ಗೊತ್ತಾಗಬೇಕು?"

ಮರುದಿನ ಮಲಿಕಸಾಬರು ಬರಲಿಲ್ಲ. ಆ ವಾರವೂ ಬರಲಿಲ್ಲ. ದಂಡೆಗೆ ಹೋಗಿ ಕೂರುತ್ತಿದ್ದಾರೆಂದು ಸರ್ದಾರಬೀ ಫೋನಿನಲ್ಲಿ ಹೇಳಿದರು. ಆಮೇಲೆ ನೀರು ಇಳಿಯಿತು, ಹರಿಗೋಲು ನಡೆಯಿತು.

ಮುಂದಿನ ಋತುವಿನಲ್ಲಿ ಗೋವಿಂದರಾಜನ ಚಕ್ರದಲ್ಲಿ ಬಂಗಾರದ ಹಾಯಿ ಸಿಕ್ಕಿತು. ಸಿಕ್ಕ ಮೇಲೆ ಆಟ ಬೇಸರವಾಯಿತೆಂದು ಕವಿತಾ ಹೇಳತೊಡಗಿದಳು. ಗೋವಿಂದರಾಜ ಇದರಂಥ ಆಟವೇ ಇಲ್ಲ ಎನ್ನತೊಡಗಿದ. ಮಾತು ಅದಲುಬದಲಾದದ್ದು ಅವರಿಬ್ಬರಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಮತ್ತೆ ಹೊಳೆ ತುಂಬಿದಾಗ ಜಮೀರ ತಾನೇ ಗಡ್ಡೆಗೆ ಹೋಗಿ ಮಾಮುವನ್ನು ಕರೆದುಕೊಂಡು ಬಂದ. ಮಲಿಕಸಾಬರು ಹಾಯಿ ನೋಡಿ ಛಲೋ ಐತಿ ಎಂದರು.

"ಚಕ್ರ ಹಿಡೀರಿ ಮಾಮು. ಹಾಯಿ ಸಿಕ್ಕಾತು. ಈಗ ಗಂಟಿ ಬಾರಿಸಿದ್ರೂ ಅಡ್ಡಿ ಇಲ್ಲ."

"ಈಗ ಅಡ್ಡಿ ಇಲ್ಲ. ಇನ್ನೊಂದು ಹಾಯಿ ಬೇಕನಿಸಿದಾಗ ಮತ್ತ ಅಡ್ಡಿ ಆಕ್ಕೈತಿ. ನನಗ ಕೂಗು ಹಾಕದ ಕಟ್ಟಾಕ ಬರಂಗಿಲ್ಲೋ. ನಿಮಗ ಅದರಿಂದ ಲುಕ್ಸಾನ ಆಕ್ಕೈತಿ. ಇದರಾಗ ಒಬ್ಬಾವ ನಡಸೋ ದೋಣಿ ಇಲ್ಲೇನು?"

ಇತ್ತು. ಜಮೀರ ಮೂಲೆಯ ಕಂಪ್ಯೂಟರಿನಲ್ಲಿ ಒಂದು ಸಣ್ಣ ದೋಣಿ ಹಾಕಿಕೊಟ್ಟ. ಮಲಿಕಸಾಬರು ನಕ್ಷೆ ತೆಗೆಯಲಿಲ್ಲ, ಪೆಟ್ಟಿಗೆ ಹುಡುಕಲಿಲ್ಲ. ಎದುರುಬದುರಿನ ಎರಡು ನಡುಗಡ್ಡೆ ಆರಿಸಿಕೊಂಡು ಅವುಗಳ ನಡುವೆ ಹೋಗಿ ಬಂದು ಮಾಡಿದರು. ಕೆಲವರು ಹತ್ತಿ ಇಳಿದು ಹೋಗುತ್ತಿದ್ದರು. ಕೆಲವರು ಹತ್ತುತ್ತಲೇ ಗುಂಡು ಹಾರಿಸುತ್ತಿದ್ದರು. ಆಗ ದೋಣಿ ಮುಳುಗುತ್ತಿತ್ತು, ಆಟ ಬೇರೆ ದೋಣಿ ಕೊಡುವವರೆಗೆ ಅವರು ಚಹಾ ಕುಡಿಯುತ್ತಿದ್ದರು.

ಒಂದು ಮಧ್ಯಾಹ್ನ ಗೋವಿಂದರಾಜ ಅವರ ಹಿಂದೆ ಬಂದು ನಿಂತು ಬಹಳ ಹೊತ್ತು ನೋಡಿದ.

"ಮಲಿಕಸಾಬ್ರ, ಇದರಾಗ ನಿಮಗ ಏನ್ ಸಿಗ್ತೈತ್ರಿ?"

"ಸ್ವಲ್ಪ ಸರಿಯಪ," ಎಂದರು ಅವರು. "ಅಡ್ಡ ಬರಾಕತ್ತಿ. ಆಚಿ ಕಡಿ ಒಬ್ಬ ನಿಂತಾನ."

ಗೋವಿಂದರಾಜ ಸರಿದು ನಿಂತ. ಮಲಿಕಸಾಬರು ದೋಣಿ ತಿರುಗಿಸಿದರು.