ಇಗರ್ಜಿಗೆ ಖಾದಿ ಫ್ರಾಕು

ಇಗರ್ಜಿಯಲ್ಲಿ ನಾನು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ದಿನದ ಫ್ರಾಕಿಗೆಂದು ಅಪ್ಪ ಖಾದಿ ಬಟ್ಟೆ ತಂದಾಗ ಅಮ್ಮ ಮೊದಲು ಬಾಗಿಲು ಹಾಕಿದರು, ಆಮೇಲೆ ಬೈದರು.

"ನಿಮಗೆ ತಲೆ ಸರಿ ಇದ್ಯಾ? ದೊರೆಗಳ ಕಣ್ಣಿಗೆ ಬಿದ್ರೆ ನಾವು ಎಲ್ಲಿಗೆ ಹೋಗ್ಬೇಕು?"

"ಬಿಳಿ ಬಟ್ಟೆ ಬೇಕು ಅಂದ್ಯಲ್ಲ. ಇದೂ ಬಿಳೀನೇ," ಎಂದರು ಅಪ್ಪ.

ಅಪ್ಪ ಮೂಡಿಗೆರೆ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರು. ನಾವಿದ್ದ ಮನೆ ಎಸ್ಟೇಟಿನದು, ಅಂದರೆ ಬಿಳಿ ದೊರೆಯದು. ಚಳವಳಿಯ ಕಾವು ಏರಿದ್ದ ವರ್ಷವದು. ಹತ್ತಿರದ ಆಲ್ದೂರು ಪೇಟೆಯಲ್ಲಿ ಖಾದಿ ತೊಟ್ಟವರನ್ನು ಪೊಲೀಸರು ಹಿಡಿದೊಯ್ಯುತ್ತಿದ್ದರು. ಪೇಟೆಯವರಿಗೆ ಕ್ರೈಸ್ತರೆಂದರೆ ದೊರೆಯ ಬಾಲ. ಇತ್ತ ಇಗರ್ಜಿಯಲ್ಲಿ ಪಾದ್ರಿಗಳು ಪ್ರತಿ ಭಾನುವಾರ ಚಕ್ರವರ್ತಿಗಾಗಿ ಪ್ರಾರ್ಥಿಸಿ, ಗಲಾಟೆಯವರ ಸಹವಾಸ ಬೇಡ ಎನ್ನುತ್ತಿದ್ದರು. ಎರಡೂ ಕಡೆಯ ಮಾತಿಗೆ ಅಪ್ಪನಿಗೆ ಮೈ ಉರಿಯುತ್ತಿತ್ತು. ಯೇಸುವಿಗೂ ಬ್ರಿಟಿಷರಿಗೂ ಏನು ನೆಂಟಸ್ತನ ಎಂದು ಮನೆಯೊಳಗೆ ಗುಡುಗುತ್ತಿದ್ದರು. ಹೊರಗೆ ಮಾತ್ರ ಬಾಯಿಗೆ ಬೀಗ.

ಆ ಬೀಗದಿಂದಲೇ ನಮ್ಮ ಅನ್ನ ಉಳಿದಿದೆ ಎಂದು ಅಮ್ಮ ನಂಬಿದ್ದರು. ಖಾದಿಯ ಒರಟುತನ ಕಾಣದಿರಲೆಂದು ಫ್ರಾಕಿಗೆ ದಪ್ಪನೆಯ ಗಂಜಿ ಹಾಕಿ, ಇಸ್ತ್ರಿ ಮಾಡಿ, ತಮ್ಮ ಮದುವೆಯ ಲೇಸು ಬಿಚ್ಚಿ ಹೊಲಿದರು. ಬಟ್ಟೆಯ ಸುದ್ದಿ ಯಾರ ಹತ್ತಿರವೂ ಎತ್ತುವುದಿಲ್ಲವೆಂದು ನನ್ನಿಂದ ಆಣೆ ಮಾಡಿಸಿದರು.

ಆಗಿನ ಕಟ್ಟಳೆಯಂತೆ ಪ್ರಸಾದ ಸ್ವೀಕರಿಸುವವರು ನಡುರಾತ್ರಿಯಿಂದ ಏನೂ ತಿನ್ನುವಂತಿಲ್ಲ. ಉಪವಾಸ ಮುರಿದು ಪ್ರಸಾದ ತೆಗೆದುಕೊಂಡರೆ ನರಕವೇ ಗತಿ ಎಂದು ಕಲಿಸಿದ್ದರು. ಹಾಲುಹಲ್ಲು ಬಿದ್ದಿರದ ಮಕ್ಕಳಿಗೆ ಇಂಥ ಪಾಠ ಹೇಳಿದವರನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ದೊರೆಯದು ಕ್ರೈಸ್ತರಲ್ಲೇ ಬೇರೆ ಪಂಥ. ಆದರೂ ಮಕ್ಕಳ ಪ್ರಸಾದದ ದಿನ ಬಂದು ಎಲ್ಲರಿಗಿಂತ ಮುಂದೆ ಕುರ್ಚಿ ಹಾಕಿಸಿಕೊಂಡು ಕೂರುವರು. ಆ ದಿನವೂ ಕೂತಿದ್ದರು, ನನ್ನಿಂದ ಒಂದು ಮಾರು ದೂರದಲ್ಲಿ. ನನ್ನ ಫ್ರಾಕನ್ನೇ ನೋಡುತ್ತಿದ್ದಾರೆಂದು ನನಗನ್ನಿಸಿತು. ಹೆದರಿಕೆಯಲ್ಲಿ ಫ್ರಾಕಿನ ತೋಳಿನ ಅಂಚನ್ನು ಕಚ್ಚಿ ಚೀಪುತ್ತಿದ್ದೆ. ಬಾಯಿಗೆ ಏನೋ ರುಚಿ ಹತ್ತಿತು. ಗಂಜಿ! ಅನ್ನದ ಗಂಜಿ.

ಅಷ್ಟರಲ್ಲಿ ಮಕ್ಕಳೆಲ್ಲ ಪೀಠದ ಮುಂದೆ ಮೊಣಕಾಲೂರಿದ್ದಾಗಿತ್ತು. ಪಾದ್ರಿಗಳು ನನ್ನೆದುರು ನಿಂತಾಗ ಬಾಯಿ ಬಿಗಿಯಾಗಿ ಮುಚ್ಚಿಕೊಂಡೆ. ಅವರು ತುಸು ಕಾದು, ಪಕ್ಕದ ಹುಡುಗಿಗೆ ಪ್ರಸಾದ ಕೊಟ್ಟು ಮುಂದೆ ಹೋದರು. ಹಿಂದೆ ನಿಂತಿದ್ದ ಅಪ್ಪನಿಗೆ ಕಂಡದ್ದು ಇಷ್ಟೇ: ಖಾದಿ ತೊಟ್ಟ ಮಗಳಿಗೆ ಪ್ರಸಾದವಿಲ್ಲ.

"ಯಾಕೆ ಫಾದರ್?" ಎಂದು ಅಪ್ಪ ಕೂಗಿದರು. "ಖಾದಿ ಹಾಕ್ದವ್ರಿಗೆ ದೇವ್ರಿಲ್ವಾ? ದೇವ್ರೂ ಸರ್ಕಾರದ ನೌಕರನಾ?"

ದೊರೆಗೆ ಕನ್ನಡ ಚೆನ್ನಾಗಿಯೇ ಬರುತ್ತಿತ್ತು. ಅವರು ತಿರುಗಿ ಅಪ್ಪನನ್ನು ನೋಡಿದರು, ಆಮೇಲೆ ನನ್ನ ಫ್ರಾಕನ್ನು ನೋಡಿದರು.

ಪಾದ್ರಿಗಳು ನನ್ನ ಬಳಿ ಮರಳಿ ಬಂದು ಬಗ್ಗಿದರು. "ಏನಾಯ್ತು ಮಗಾ?"

"ತೋಳು ಚೀಪಿಬಿಟ್ಟೆ ಫಾದರ್. ಗಂಜಿ ಹೊಟ್ಟೆಗೆ ಹೋಯ್ತು."

"ಅದು ಊಟ ಅಲ್ಲ ಮಗಾ. ಬಾಯಿ ತೆಗಿ." ಪ್ರಸಾದ ಕೊಡುವಾಗ ಅವರು ದೊರೆಯ ಕಡೆಗೇ ನೋಡುತ್ತಿದ್ದರು. ನನಗಿಂತ ಅವರೇ ಹೆಚ್ಚು ಹೆದರಿದ್ದರು.

ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಪೂಜೆ ಮುಗಿದ ಮೇಲೆ ದೊರೆ ಬಾಗಿಲ ಬಳಿ ಹ್ಯಾಟು ಹಾಕಿಕೊಳ್ಳುತ್ತಾ, "ರೈಟರ್, ನಾಡಿದ್ದರೊಳಗೆ ಮನೆ ಬಿಡು" ಎಂದರು. ದನಿಯನ್ನೂ ಏರಿಸಲಿಲ್ಲ.

ಮನೆಗೆ ನಡೆಯುವಾಗ ಅಪ್ಪ ಹಗುರಾಗಿದ್ದರು. "ಇನ್ನು ಯಾರಿಗೂ ಹೆದ್ರೋ ಗೋಜಿಲ್ಲ ಮಾರಾಯ್ತಿ," ಎಂದು ನಕ್ಕರು.

ಅಮ್ಮ ನೋಯುವಷ್ಟು ಬಿಗಿಯಾಗಿ ನನ್ನ ಕೈ ಹಿಡಿದಿದ್ದರು.

"ನಿಮ್ಮ ಹೆದ್ರಿಕೆ ಮುಗೀತು," ಎಂದರು. "ನಂದು ಈಗ ಶುರು."