ಮಲಗಿ ಏಳುವ ಡಬ್ಬಿ

ಹೋದ ತಿಂಗಳು ಕುಸನೂರಿನ ನಮ್ಮ ಮನೆಗೆ ಬಡಗಿಯೊಬ್ಬ ಬಂದಿದ್ದ. ಅಡುಗೆಮನೆಯ ಕಪಾಟಿನ ಬಾಗಿಲು ಕಿತ್ತು ಬಂದಿತ್ತು. ಈಗಿನವರು ಬಿಳಿ ಅಂಟು ಹಿಂಡಿ ಕೆಲಸ ಮುಗಿಸುತ್ತಾರೆ. ಈತ ಹಳೆಯ ಪದ್ಧತಿಯವನು. ಹಿತ್ತಲಲ್ಲಿ ಸಣ್ಣ ಒಲೆ ಹೂಡಿ, ತಗಡಿನ ಪಾತ್ರೆಯಲ್ಲಿ ಸರೇಸೆಂಬ ಮೂಳೆಯಂಟಿನ ತುಂಡುಗಳನ್ನು ಕರಗಲು ಇಟ್ಟ. ಅಂಟು ಬಿಸಿಯಾಗುತ್ತಿದ್ದಂತೆ ವಾಸನೆ ಎದ್ದಿತು... ಸುಟ್ಟ ಕೊಂಬಿನಂಥ, ಮೂಗಿಗೆ ಅಡರುವ ವಾಸನೆ. ನಾನು ಕೈಯಲ್ಲಿದ್ದ ಚಹಾದ ಕಪ್ಪನ್ನು ಅಲ್ಲೇ ಇಟ್ಟು ಬೀದಿಗೆ ಬಂದು ನಿಂತೆ.

"ಯಾಕ್ರಿ ಅಕ್ಕಾರ, ಹೊಗಿ ಬಡೀತೇನ್ರಿ?" ಎಂದ ಬಡಗಿ.

"ಹೌದಪ್ಪಾ" ಎಂದೆ. ಕಾರಣ ಹೊಗೆಯಾಗಿರಲಿಲ್ಲ. ಹನ್ನೆರಡು ವರ್ಷಗಳ ಹಿಂದೆ ಇದೇ ವಾಸನೆಯ ನಡುವೆ ದಿನವಿಡೀ ಕೂರುತ್ತಿದ್ದೆ, ಕಾಕಾ ಅವರ ಪಕ್ಕದಲ್ಲಿ.

ಕಾಕಾ ನನಗೆ ರಕ್ತಸಂಬಂಧಿಯಲ್ಲ. ಕಮಲಾಪುರದಲ್ಲಿ ನಮ್ಮ ಮನೆಯಿಂದ ಮೂರನೆಯ ಮನೆ ಅವರದು. ಕಲಬುರಗಿಯ ಸ್ಟೇಶನ್ ಬಜಾರದ ಹಿಂದಿನ ಓಣಿಯಲ್ಲಿ ಅವರ ಡಬ್ಬಿ ಕಾರಖಾನೆ ಇತ್ತು. ಕಾರಖಾನೆ ಎಂದರೆ ಎರಡು ಕೋಣೆ, ಕೆಲಸಕ್ಕೆ ಆರು ಜನ ಹೆಣ್ಣುಮಕ್ಕಳು, ರಟ್ಟು ಕತ್ತರಿಸುವ ಒಂದು ಯಂತ್ರ, ಸರೇಸು ಕರಗಿಸುವ ಒಂದು ಒಲೆ. ಸೀರೆ ಅಂಗಡಿಗಳಿಗೆ, ಮಿಠಾಯಿ ಅಂಗಡಿಗಳಿಗೆ ಗಟ್ಟಿ ರಟ್ಟಿನ ಡಬ್ಬಿ ಮಾಡಿ ಕೊಡುತ್ತಿದ್ದರು. ನಾನು ಪಿಯುಸಿ ಮುಗಿಸಿ ಮನೆಯಲ್ಲಿ ಅವ್ವನ ಜೊತೆ ಜಂಪರಿಗೆ ಗುಂಡಿ ಹಚ್ಚುತ್ತ ಕೂತಿದ್ದಾಗ, ಅವರೇ ಬಂದು ಅವ್ವನಿಗೆ ಹೇಳಿದ್ದರು: "ತಂಗೀ, ಈ ಹುಡುಗಿ ಕೈ ನೋಡೀನಿ ನಾ. ನನ್ನ ಕಡಿ ಕಳಸು. ನನ್ನ ಮಗಳಂಗ ನೋಡ್ಕೋತೀನಿ."

ಹಾಗೇ ನೋಡಿಕೊಂಡರು, ಅದನ್ನು ನಾನು ಇಲ್ಲವೆನ್ನಲಾರೆ. ನನ್ನ ಅಪ್ಪ ನಾನು ಚಿಕ್ಕವಳಿದ್ದಾಗಲೇ ತೀರಿಹೋಗಿದ್ದರು; 'ಮಗಳ' ಎಂದು ನನ್ನನ್ನು ಕರೆಯುವ ಗಂಡುದನಿ ಅದೊಂದೇ. ದಿನಾ ಬೆಳಿಗ್ಗೆ ಕಮಲಾಪುರದ ಬಸ್ಸಿನಲ್ಲಿ ನನಗಾಗಿ ಕರವಸ್ತ್ರ ಹಾಕಿ ಜಾಗ ಹಿಡಿಯುತ್ತಿದ್ದರು. ದಾರಿಯುದ್ದಕ್ಕೂ ರಟ್ಟಿನ ಮಾತು. ರಟ್ಟಿಗೂ ಕಟ್ಟಿಗೆಯ ಹಾಗೆ ಎಳೆ ಇರುತ್ತದೆ, ಎಳೆಗೆ ಅಡ್ಡವಾಗಿ ಮಡಚಿದರೆ ಬಿರಿಯುತ್ತದೆ ಎಂದು ಕಲಿಸಿದವರು ಅವರು. ಕಣ್ಣು ಮುಚ್ಚಿ ರಟ್ಟನ್ನು ಬಾಗಿಸಿ, ಎಳೆ ಯಾವ ಕಡೆಗಿದೆ ಹೇಳು ಎನ್ನುತ್ತಿದ್ದರು. ತಪ್ಪಿದರೆ ನಗುತ್ತಿದ್ದರು, ಬಯ್ಯುತ್ತಿರಲಿಲ್ಲ.

ಕಾರಖಾನೆಯ ದೊಡ್ಡ ತಲೆನೋವು ಜಾಗದ್ದು. ಗಟ್ಟಿ ಡಬ್ಬಿ ಒಮ್ಮೆ ತಯಾರಾಯಿತೆಂದರೆ ಮುಗಿಯಿತು, ಮಡಚುವಂತಿಲ್ಲ. ಲಗ್ನದ ಸುಗ್ಗಿಗೆ ಮಾಡಿಟ್ಟ ಡಬ್ಬಿಗಳು ಸೂರು ಮುಟ್ಟುತ್ತಿದ್ದವು, ನಾವು ಅಡ್ಡ ನಡೆಯಬೇಕಾಗುತ್ತಿತ್ತು. ಅಂಗಡಿಯವರೂ ನೂರು ಬೇಕಾದಲ್ಲಿ ಇಪ್ಪತ್ತು ಒಯ್ಯುತ್ತಿದ್ದರು, ಇಡಲು ಅವರಿಗೂ ಜಾಗವಿಲ್ಲ. "ಡಬ್ಬಿ ಮಾಡಾಕತ್ತಿಲ್ಲ ನಾವು, ಗಾಳಿ ತುಂಬಿ ಇಡಾಕತ್ತೀವಿ" ಎಂದು ಕಾಕಾ ಗೊಣಗುತ್ತಿದ್ದರು. ಒಂದು ದಿನ ಬಸ್ಸಿನಲ್ಲಿ ನನ್ನ ಕಡೆ ತಿರುಗಿ ಅಂದರು: "ಮಗಳ, ನಿಂತರ ಕಲ್ಲಿನಂಗ ನಿಂದರಬೇಕು, ಮಲಗಿಸಿದರ ಹಾಳಿಯಂಗ ಮಲಗಬೇಕು. ಅಂಥಾದೊಂದು ಡಬ್ಬಿ ಆಗಂಗಿಲ್ಲೇನು?"

ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಎಂಟು ತಿಂಗಳು ಅದೇ ಧ್ಯಾನ. ತಳಕ್ಕೆ ನಾಲ್ಕು ಗೋಡೆ. ಉದ್ದದ ಗೋಡೆಗಳು ಒಳಕ್ಕೆ ಮಲಗಬೇಕು. ಗಿಡ್ಡ ಗೋಡೆಗಳು ಅವಕ್ಕೆ ಅಡ್ಡ ಬರಬಾರದು. ಗಿಡ್ಡ ಗೋಡೆಯ ಎರಡೂ ಮೂಲೆಗಳನ್ನು ಓರೆಯಾಗಿ ಕತ್ತರಿಸಿ ಮೂರು ತುಂಡು ಮಾಡಿದರೆ ಅದು ಮಡಚಿಕೊಂಡು ಬೀಳುತ್ತದೆ ಎಂಬುದು ಎರಡನೆಯ ತಿಂಗಳಿಗೇ ಹೊಳೆಯಿತು. ಆದರೆ ಹತ್ತು ಸಲ ಮಡಚುವಷ್ಟರಲ್ಲಿ ಮೇಲಿನ ಬಣ್ಣದ ಹಾಳೆ ಹರಿಯುತ್ತಿತ್ತು. ನಾನು ಮಡಚುತ್ತಿದ್ದೆ, ಕಾಕಾ ಸ್ಟೂಲಿನ ಮೇಲೆ ಕೂತು ಎಣಿಸುತ್ತಿದ್ದರು. ಹರಿದಾಗಲೆಲ್ಲ "ಇರಲಿ, ಮತ್ತ ನೋಡೋಣ" ಅನ್ನುತ್ತಿದ್ದರು.

ಗೋಡೆ ಮಡಚುವ ಕೀಲಿಗೆ ಹಾಳೆಯ ಕೆಳಗೆ ಬಟ್ಟೆ ಹಚ್ಚಬೇಕು ಎಂದು ತಿಳಿದದ್ದು ಅವ್ವ ಹೊಲಿಯುವುದನ್ನು ನೋಡುತ್ತ ಕೂತಾಗ. ಅವಳ ಚಿಂದಿಯಿಂದ ತೆಳು ಮಲ್ಲು ಬಟ್ಟೆಯ ಪಟ್ಟಿಗಳನ್ನು ಒಯ್ದೆ. ಆಗಲೂ ಒಂದೇ ಕಡೆ ಜಗ್ಗಿ ಹರಿಯುತ್ತಿತ್ತು. ಯಾಕೆಂದು ತಿಳಿಯಲು ಮತ್ತೆ ಎರಡು ತಿಂಗಳು ಹಿಡಿಯಿತು. ಮೊದಲು ಮಲಗುವ ಗೋಡೆ ತಳದ ಮೇಲೆ ನೇರ ಮಲಗುತ್ತದೆ. ನಂತರದ್ದು ಅದರ ಬೆನ್ನ ಮೇಲೆ ಮಲಗಬೇಕು, ಅಷ್ಟು ಎತ್ತರ ಏರಬೇಕು. ಎಲ್ಲ ಕೀಲಿಗೂ ಒಂದೇ ಅಳತೆಯ ಸಂದು ಬಿಟ್ಟರೆ ಹೇಗೆ ಸಾಲೀತು? ಮೊದಲಿನದಕ್ಕೆ ಒಂದು ರಟ್ಟಿನ ದಪ್ಪದಷ್ಟು, ಎರಡನೆಯದಕ್ಕೆ ಎರಡು ರಟ್ಟಿನಷ್ಟು ಬಿಟ್ಟೆ. ಡಬ್ಬಿ ಉಸಿರು ಬಿಟ್ಟಂತೆ ಮಲಗಿತು. ಎತ್ತಿ ನಿಲ್ಲಿಸಿ, ಒಳಗೆ ತಳಕ್ಕೆ ಸಡಿಲ ರಟ್ಟೊಂದನ್ನು ಕೂರಿಸಿದೆ. ಗೋಡೆಗಳು ಮತ್ತೆ ಒಳಕ್ಕೆ ಬೀಳುವಂತಿರಲಿಲ್ಲ. ಕಾಕಾ ಮುಚ್ಚಳ ಹಾಕಿ, ಅಂಟು ಹಿಡಿಸಲು ಇಟ್ಟಿದ್ದ ಶಹಾಬಾದಿ ಪರಸಿ ಕಲ್ಲಿನ ತುಂಡೊಂದನ್ನು ಅದರ ಮೇಲೆ ಏರಿಸಿದರು. ಡಬ್ಬಿ ಅಲುಗಲಿಲ್ಲ. ಇನ್ನೊಂದು ಪರಸಿ. ಅಲುಗಲಿಲ್ಲ. ಅವರ ಕಣ್ಣು ತುಂಬಿತ್ತು. ಆರೂ ಜನರನ್ನು ಕರೆದು, "ಇದು ಈಕೀದು. ನನ್ನಿಂದ ಆಗಿದ್ದಿಲ್ಲ, ಈಕಿ ಮಾಡ್ಯಾಳ" ಎಂದರು. ನನ್ನ ಬದುಕಿನಲ್ಲಿ ಅಂಥ ದಿನ ಮತ್ತೆ ಬರಲಿಲ್ಲ...

ಆ ವರ್ಷ ಕಲಬುರಗಿಯಲ್ಲಿ ಸಣ್ಣ ಉದ್ಯಮಿಗಳ ಒಂದು ಪ್ರದರ್ಶನವಿತ್ತು. ಹೊಸ ವಿನ್ಯಾಸ ಮಾಡಿದವರಿಗೆ ಸ್ಪರ್ಧೆ; ಗೆದ್ದವರಿಗೆ ಪುಣೆಯಲ್ಲಿ ಒಂದು ವರ್ಷದ ತರಬೇತಿ, ವಸತಿ, ಊಟದ ವ್ಯವಸ್ಥೆಯೂ ಅವರದೇ. ಅರ್ಜಿ ತುಂಬಲು ಕಾಕಾ ನನ್ನ ನೋಟ್‌ಬುಕ್ಕು ಕೇಳಿದರು. ಎಂಟು ತಿಂಗಳ ಗೆರೆ, ಅಳತೆ, ತಪ್ಪು ಎಲ್ಲವೂ ಅದರಲ್ಲಿದ್ದವು. ಕೊಟ್ಟೆ. "ಎಲ್ಲಾ ನಾ ತುಂಬ್ತೀನಿ, ನೀ ಬಂದು ಡಬ್ಬಿ ಬಿಚ್ಚಿ ತೋರಸು ಸಾಕು" ಎಂದರು. ಅವ್ವ ಪುಣೆಗೆಂದು ನನಗೆ ಎರಡು ಚೂಡಿದಾರ ಹೊಲಿದಳು.

ಪ್ರದರ್ಶನದ ದಿನ ವೇದಿಕೆಯ ಮೇಲೆ ಮೂವರು ತೀರ್ಪುಗಾರರ ಎದುರು ನಾನು ಡಬ್ಬಿ ಎತ್ತಿ ನಿಲ್ಲಿಸಿದೆ, ಮಲಗಿಸಿದೆ, ಮತ್ತೆ ನಿಲ್ಲಿಸಿದೆ. ಜನ ಚಪ್ಪಾಳೆ ತಟ್ಟಿದರು. ನಡುವೆ ಕೂತಿದ್ದ ಹಿರಿಯರು ಕಾಕಾ ಅವರನ್ನು ಕೇಳಿದರು: "ಬಹಳ ಚೆನ್ನಾಗಿದೆ. ಯಾರ ವಿನ್ಯಾಸ ಇದು?"

ಕಾಕಾ ಕೈಮುಗಿದು ಹೇಳಿದರು: "ನನ್ನ ಮಗಳದರಿ."

ನಾನು ನಕ್ಕೆ. ಕೈ ಜೋಡಿಸಿ ಒಂದು ಹೆಜ್ಜೆ ಮುಂದೆಯೂ ಬಂದೆ.

ಆಗ ಎರಡನೆಯ ಸಾಲಿನಿಂದ ಅವರ ಮಗಳು ಎದ್ದು ನಿಂತಳು. ಹೆತ್ತ ಮಗಳು. ನನಗಿಂತ ಒಂದು ವರ್ಷ ಚಿಕ್ಕವಳು. ಪಿಯುಸಿಯಲ್ಲಿ ಎರಡು ಸಲ ಫೇಲಾಗಿ, ಓಣಿಯವರಿಗೆ ಮುಖ ತೋರಿಸದೆ ಮನೆಯೊಳಗೇ ಇರುತ್ತಿದ್ದಳು. ಕಾರಖಾನೆಗೆ ಒಂದು ದಿನವೂ ಬಂದವಳಲ್ಲ. ಗೆದ್ದವರೆಂದು ಅರ್ಜಿಯಲ್ಲಿದ್ದ ಅವಳ ಹೆಸರನ್ನೇ ಕೂಗಿದರು. ಅವಳು ಮೆಟ್ಟಿಲು ಹತ್ತಿ ಬಂದಳು. ನಾನು ಜೋಡಿಸಿದ್ದ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯದೆ ಡಬ್ಬಿಯ ಮೇಲಿಟ್ಟುಕೊಂಡು ನಿಂತೆ. ಯಾರೋ ಕ್ಯಾಮೆರಾದವನು, "ಅಕ್ಕಾರ, ಸ್ವಲ್ಪ ಬಾಜೂಕ ಸರೀರಿ" ಎಂದ. ಸರಿದೆ.

ಸಂಜೆಯ ಬಸ್ಸಿನಲ್ಲಿ ಕಾಕಾ ಎಂದಿನಂತೆ ನನಗೆ ಜಾಗ ಹಿಡಿದಿದ್ದರು. ಮಗಳು ಕಲಬುರಗಿಯ ನೆಂಟರ ಮನೆಯಲ್ಲಿ ಉಳಿದಿದ್ದಳು. ನಾನು ಕೂರಲಿಲ್ಲ, ಕಮಲಾಪುರದವರೆಗೆ ಕಂಬಿ ಹಿಡಿದು ನಿಂತೇ ಬಂದೆ. ಇಳಿದ ಮೇಲೆ ಅವರು ನನ್ನ ಹಿಂದೆ ಹಿಂದೆ ಬಂದು, ದನಿ ತಗ್ಗಿಸಿ ಹೇಳಿದರು:

"ಆಕೀಗಿ ಏನೂ ಇಲ್ಲ ಯವ್ವಾ. ನಿನಗ ಕೈ ಅದ. ನೀ ಇಂಥಾವು ಹತ್ತು ಮಾಡ್ತಿ."

"ನನ್ನ ಕೇಳಬೇಕಾಗಿತ್ತಲ್ರಿ ಕಾಕಾ" ಎಂದೆ.

ಅವರು ತಮ್ಮ ಮನೆಯ ದಾರಿ ಹಿಡಿದರು. ಕೇಳಿದ್ದರೆ ಕೊಡುತ್ತಿದ್ದೆನೇ? ಅದನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಬಹುಶಃ ಅಳುತ್ತ, ಜಗಳಾಡುತ್ತ ಕೊಡುತ್ತಿದ್ದೆ... ಗೊತ್ತಿಲ್ಲ. ಆದರೆ ವೇದಿಕೆಯ ಮೇಲೆ ಆ ಒಂದು ಹೆಜ್ಜೆ ಮುಂದೆ ಬರುತ್ತಿರಲಿಲ್ಲ.

ಮರುದಿನ ನನ್ನ ಕತ್ತರಿ ತರಲು ಕಾರಖಾನೆಗೆ ಹೋದೆ. ಯಾರೂ ತಲೆಯೆತ್ತಲಿಲ್ಲ. ಹಾಳೆ ಅಂಟಿಸುವ ಹಿರಿಯಾಕೆ ಮಾತ್ರ ಬಾಗಿಲವರೆಗೆ ಬಂದು ಹೇಳಿದಳು: "ನಮಗ ಮದಲೇ ಗೊತ್ತಿತ್ತವ್ವಾ. ಹೇಳಾಕ ಬಾಯಿ ಬರಲಿಲ್ಲ." ಅಂದರೆ, ಎಲ್ಲರಿಗೂ ಗೊತ್ತಿತ್ತು. ನಾನು ಪುಣೆಯ ಬಗ್ಗೆ ಹರಟುತ್ತಿದ್ದಾಗ ಅವರೆಲ್ಲ ತಲೆ ಅಲ್ಲಾಡಿಸುತ್ತ ಕೇಳಿಸಿಕೊಂಡಿದ್ದರು. ಮನೆಗೆ ಬಂದರೆ ಅವ್ವನದೂ ಬೇರೆ ಮಾತಲ್ಲ: "ಸುಮ್ಮನಿರು. ಅವರು ನಮಗ ಭಾಳ ಮಾಡ್ಯಾರ."

ಸುಮ್ಮನಿದ್ದೆ. ಮತ್ತೆ ರಟ್ಟು ಮುಟ್ಟಲಿಲ್ಲ. ಒಂದೇ ಒಂದು ಸಲ ಬಿಟ್ಟು.

ನಾಲ್ಕು ತಿಂಗಳ ನಂತರ ಅವರ ಮಗಳು ರಜೆಗೆ ಬಂದವಳು ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಕೈಯಲ್ಲಿ ಅರ್ಧ ಮಾಡಿದ ಡಬ್ಬಿ. ಪುಣೆಯ ಮೇಷ್ಟ್ರು ಅವಳನ್ನು ಕೇಳಿದ್ದರಂತೆ, ಕೀಲುಗಳ ಸಂದು ಬೇರೆ ಬೇರೆ ಅಳತೆಯವು ಯಾಕೆ ಎಂದು. ಅವಳಿಗೆ ಹೇಳಲು ಬಂದಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಳತೆ ಇತ್ತು, ಕಾರಣ ಬರೆದಿರಲಿಲ್ಲ.

"ನಾಚಿಕಿ ಇಲ್ಲೇನು ನಿನಗ?" ಎಂದೆ.

ಅವಳು ನನ್ನ ಮುಖ ನೋಡಿದಳು. "ಯಾಕಕ್ಕಾ? ನೀ ಒಪ್ಪೀದಿ ಅಂತ ಅಪ್ಪ ಹೇಳಿದ್ನಲ್ಲ. ಆಕೀಗಿ ಮನಿ ಬಿಟ್ಟು ಹೋಗಾಕ ಮನಸ್ಸಿಲ್ಲ, ಖುಷೀಲೇ ಕೊಟ್ಟಾಳ ಅಂತ..."

ಹೇಳುತ್ತಲೇ ಅವಳು ಕೈಯಲ್ಲಿದ್ದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು. ನನ್ನ ಸಿಟ್ಟಿಗೆ ಅದುವರೆಗೆ ಇಬ್ಬರು ಇದ್ದರು. ಆಮೇಲೆ ಒಬ್ಬರೇ ಉಳಿದರು, ಅವರನ್ನೇ ನಾನು ಹೆಚ್ಚು ಪ್ರೀತಿಸಿದ್ದೆ. ಕೊನೆಗೆ ರಟ್ಟು ತೆಗೆದುಕೊಂಡು, ಯಾವ ಗೋಡೆ ಯಾವುದರ ಬೆನ್ನ ಮೇಲೆ ಮಲಗುತ್ತದೆ ಎಂದು ಅವಳಿಗೆ ತೋರಿಸಿದೆ. ಅವಳು ಕಣ್ಣೊರೆಸಿಕೊಳ್ಳುತ್ತ ಕಲಿತಳು. ಬೇಗ ಕಲಿತಳು, ಅವಳಿಗೂ ಕೈ ಇತ್ತು. ಅವಳ ಅಪ್ಪ ಒಮ್ಮೆಯೂ ನೋಡಿರಲಿಲ್ಲ, ಅಷ್ಟೇ.

ಕಾಕಾ ಮತ್ತು ನಾನು ಅದೇ ಊರಿನಲ್ಲಿ, ಮೂರು ಮನೆಯ ಅಂತರದಲ್ಲಿ, ನಾನು ಲಗ್ನವಾಗಿ ಕುಸನೂರಿಗೆ ಬರುವವರೆಗೆ ಇನ್ನೂ ಐದು ವರ್ಷ ಇದ್ದೆವು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ನೋಡಿ ಎದ್ದು ನಿಂತರು. ಬಾಯಿ ತೆರೆದರು. ನಾನು ಕಾದೆ, ನಿಜವಾಗಿಯೂ ಕಾದೆ.

"ಊಟ ಆತೇನವ್ವಾ?" ಎಂದರು.

"ಆತ್ರಿ" ಎಂದೆ. ಅಷ್ಟೇ.

ಅವರು ಹೋಗಿ ಮೂರು ವರ್ಷವಾಯಿತು. ಸುದ್ದಿ ಬಂದಾಗ ನಾನು ಶಾಲೆಯ ಆಫೀಸಿನಲ್ಲಿ, ನನ್ನ ಗುಮಾಸ್ತಿಕೆಯ ಮೇಜಿನ ಮುಂದೆ ಕೂತು ಮಕ್ಕಳ ವರ್ಗಾವಣೆ ಪತ್ರ ಬರೆಯುತ್ತಿದ್ದೆ. ಆಗಲೇ ಹೊರಟಿದ್ದರೆ ಮಣ್ಣು ಮಾಡುವ ಹೊತ್ತಿಗೆ ತಲುಪುತ್ತಿದ್ದೆ. ಹೋಗಲಿಲ್ಲ. ಸಾವಿನ ಎದುರೂ ಸೆಟೆದುಕೊಂಡೆನಲ್ಲ ಎಂದು ಆಮೇಲೆ ಅನ್ನಿಸಿದೆ, ಆದರೆ ಅಂದು ಕೈಯಲ್ಲಿದ್ದ ಪತ್ರವನ್ನೇ ಬರೆದು ಮುಗಿಸಿದೆ.

ಕಾರಖಾನೆ ಈಗಿಲ್ಲ. ಮಗಳು ಪುಣೆಯಲ್ಲೇ ಇದ್ದಾಳೆ, ಡಬ್ಬಿಗಳ ವಿನ್ಯಾಸವೇ ಅವಳ ನೌಕರಿ. ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಾಳೆ. ಬಡಗಿ ಬಂದುಹೋದ ವಾರವೇ ಅವಳ ಕರೆ ಬಂತು. ಅದೂ ಇದೂ ಮಾತಾಡಿದಳು. ಆಮೇಲೆ ಕೇಳಿದಳು: "ಅಕ್ಕಾ, ಇಷ್ಟು ದಿನ ಕೇಳಬೇಕಂತ ಮಾಡೀನಿ. ಅಪ್ಪ ನಿನಗ ಒಂದು ಸಲಾನರ ತಪ್ಪಾತು ಅಂತ ಅಂದಿದ್ನೇನು?"

ಹನ್ನೆರಡು ವರ್ಷದಿಂದ ಬೇರೆಯವರ ಗೆಲುವನ್ನು ಹೊತ್ತು ತಿರುಗುತ್ತಿರುವ ಹೆಣ್ಣುಮಗಳು ಅವಳು.

"ಹೌದವ್ವಾ, ಅಂದಿದ್ರು" ಎಂದೆ. "ಬಸ್ ಸ್ಟ್ಯಾಂಡಿನ್ಯಾಗ. ಕೈ ಹಿಡಕೊಂಡು ಅಂದಿದ್ರು."

ಅವಳು ಅತ್ತಳು, ಹಗುರವಾದಳು, ಫೋನ್ ಇಟ್ಟಳು. ಕಾಕಾ ಹೇಳದೇ ಹೋದ ಮಾತನ್ನೂ ನಾನೇ ಮಾಡಿ ಅವರ ಹೆಸರಿಗೆ ಬರೆದುಕೊಟ್ಟಿದ್ದೆ. ಅವಳಿಗೆ ಅದು ಸಿಕ್ಕಿತು. ನನಗೆ ಸಿಗಬೇಕಾಗಿದ್ದ ಆ ಮಾತಿನ ಜಾಗ ಹಾಗೇ ಖಾಲಿ ಇದೆ.